ಎಳನೀರು ಬಣ್ಣದ ಬಳೆ

ಮದ್ದೂರು
ತಾ. 18-6-2025, ಬುಧವಾರ

ಚಿ. ನಯನಳಿಗೆ ನಿನ್ನ ಅತ್ತೆ ಹೊಂಬಾಳಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಕೈ ಹೇಗಿದೆ? ಬೀಗರು ಅಂಕಯ್ಯನವರ ಮಂಡಿನೋವು ಈ ತಂಡಿಗೆ ಹೆಚ್ಚಾಗಿದೆಯೋ ಹೇಗೆ? ನಿನ್ನ ತಮ್ಮ ಪ್ರಸನ್ನ ಬಿ.ಪಿ. ಮಾತ್ರೆ ತಪ್ಪಿಸದೆ ನುಂಗುತ್ತಿದ್ದಾನೆಯೇ? ಅವನ ಹೆಂಡತಿ ಶೋಭಿತಾಗೆ ಕಾಲು ಊದಿಕೊಂಡಿದೆ ಎಂದು ನಿನ್ನ ಮಗಳು ದೀಪಿಕ ಹೇಳಿದಳು, ಬಸುರಿಗೆ ಅದು ಇದ್ದದ್ದೇ, ಆದರೂ ಉಪ್ಪಿನಕಾಯಿ ಡಬ್ಬಿಯನ್ನು ಅವಳ ಕೈಗೆ ಸಿಗದ ಹಾಗೆ ಎತ್ತಿಡು. ಅವರ ಪುಟ್ಟ ಗಗನನಿಗೆ ಮುಂದಿನ ಹಲ್ಲು ಬಿತ್ತಂತೆ, ನಕ್ಕರೆ ಹೇಗೆ ಕಾಣುತ್ತಾನೋ ನೋಡಬೇಕು. ಎಲ್ಲರನ್ನೂ ವಿಚಾರಿಸಿ ಕೊನೆಗೆ ನಿನ್ನ ಕೈ ಕೇಳೋಣ ಎಂದುಕೊಂಡಿದ್ದೆ. ಪೆನ್ನು ಮೊದಲು ಅದನ್ನೇ ಕೇಳಿಬಿಟ್ಟಿತು.

ಇಲ್ಲಿ ನಾನೂ ದೀಪಿಕಳೂ ಆರೋಗ್ಯ. ಅವಳು ಭಾರತೀನಗರದ ಕಾಲೇಜಿಗೆ ಬೆಳಗಿನ ಬಸ್ಸಿಗೆ ಹೋದರೆ ಸಂಜೆಯೇ ಬರುವುದು. ಪರೀಕ್ಷೆಗೆ ಓದುತ್ತಿದ್ದಾಳೆ. ಊಟ ಮಾಡುವಾಗ ನಿನ್ನ ತಟ್ಟೆಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ, ಅದು ಗೋಡೆಗೆ ಒರಗಿಕೊಂಡೇ ಇದೆ.

ಪತ್ರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಬರೆಯಬೇಕೆಂದು ಕೂತು ಹಾಳೆಗಳನ್ನು ಹರಿದು ಹಾಕಿದ್ದೇನೆ. ಹಿಂದೆ ನೀನು ಬಾಣಂತನಕ್ಕೆ ಮಳವಳ್ಳಿಗೆ ಹೋಗಿದ್ದಾಗ ಬರೆದ ಪತ್ರಗಳಿಗೆಲ್ಲ ತಲೆಯ ಮೇಲೆ ಚಿ. ಸೌ. ಎಂದು ಹಾಕಿ ಅಭ್ಯಾಸವಾಗಿತ್ತು. ಈ ಸಲ ಚಿ. ಬರೆದೆ, ಮುಂದಕ್ಕೆ ಕೈ ಓಡಲಿಲ್ಲ. ಬರೆದರೆ ಅಣಕಿಸಿದ ಹಾಗೆ, ಬಿಟ್ಟರೆ ನಾನೂ ಒಂದು ಬಳೆ ಒಡೆದ ಹಾಗೆ. ಎದ್ದು ಹೋಗಿ ಕಸ ಗುಡಿಸಿದೆ. ಗುಡಿಸಿದ ನಡುಮನೆಯನ್ನೇ ಮತ್ತೆ ಗುಡಿಸಿದೆ. ಕೊನೆಗೆ, ಚಿರಂಜೀವಿ ಒಂದೇ ಸಾಕು, ನೀನು ಬಾಳಿ ಬದುಕಿದರೆ ಸಾಕು ಎಂದು ಗಟ್ಟಿಮಾಡಿಕೊಂಡು ಕೂತಿದ್ದೇನೆ.

ಫೋನು ಮಾಡಬಹುದಿತ್ತು. ಮಾಡಿದೆನಲ್ಲ. ನೀನು ಎತ್ತುತ್ತೀಯ, ನಿನ್ನ ಉಸಿರು ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಆಮೇಲೆ ಪ್ರಸನ್ನ ತೆಗೆದುಕೊಂಡು, "ಅಕ್ಕ ಮಲ್ಗವ್ಳೆ, ಆಮೇಕೆ ಮಾತಾಡ್ತಳಂತೆ" ಎನ್ನುತ್ತಾನೆ. ಮಲಗಿದವರು ಫೋನು ಎತ್ತುತ್ತಾರೆಯೇ? ಅದಕ್ಕೇ ಇದು. ಭಾನುವಾರ ದೀಪಿಕ ಬರುತ್ತಾಳಲ್ಲ, ಅವಳ ಕೈಯಲ್ಲೇ ಕಳಿಸುತ್ತೇನೆ. ನನ್ನ ಅಕ್ಷರ ಸೊಟ್ಟ, ನಿನಗೆ ಗೊತ್ತಿರುವುದೇ. ಶಾಲೆಗೆ ಹೋಗಿ ಕಲಿತದ್ದಲ್ಲ. ನಿನ್ನ ಗಂಡ ಶಿವರಾಜು ಒಂದನೇ ಕ್ಲಾಸಿನಿಂದ ಬಂದು ಅದೇ ಸ್ಲೇಟನ್ನು ನನ್ನ ತೊಡೆಯ ಮೇಲಿಟ್ಟು, "ತಪ್ಪು ಕಣವ್ವ, ಅಳ್ಸು" ಎಂದು ಗದರಿಸಿ ಕಲಿಸಿದ್ದು. ಇವತ್ತಿಗೂ ಬರೆಯುವಾಗ ಹಿಂದೆ ನಿಂತುಕೊಂಡಿದ್ದಾನೆ ಅನ್ನಿಸುತ್ತದೆ.

ಈಗ ಎದ್ದು ಹೋಗಿ ಹಾಲು ಕಾಯಿಸಿ ಬಂದೆ. ರೈಲು ಹೋಯಿತು, ಗೂಡಿನ ಪಾತ್ರೆಗಳೆಲ್ಲ ಅದುರಿದವು. ಮೊದಲು ಇದು ಕಿವಿಗೇ ಬೀಳುತ್ತಿರಲಿಲ್ಲ. ಈಚೆಗೆ ಏನು ಸದ್ದಾದರೂ ಎದ್ದು ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಎಳನೀರು ಮಾರುಕಟ್ಟೆಯ ಕಡೆಯಿಂದ ಲಾರಿ ಹಿಂದಕ್ಕೆ ಹೋಗುವ ಪೀಂ ಪೀಂ ಕೇಳಿದರಂತೂ ಮೈಯೆಲ್ಲ ಕಿವಿಯಾಗುತ್ತದೆ. ದಿಲ್ಲಿಯಲ್ಲಿ ಎಳನೀರು ಇಳಿಸಿ ವಾಪಸು ಬಂದಾಗ ಶಿವರಾಜು ಹಾಗೆಯೇ ಎರಡು ಸಲ ಹಾರನ್ ಹೊಡೆದು ಗಾಡಿ ನಿಲ್ಲಿಸುತ್ತಿದ್ದನಲ್ಲ. ಅದೇ ಮಾರುಕಟ್ಟೆಯಲ್ಲಿ, ಅದೇ ಕಾಯಿ ರಾಶಿಗೆ ಒರಗಿ, ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ ಎಂದು ಏಪ್ರಿಲ್‌ನಲ್ಲಿ ಬಂದು ಹೇಳಿದರು. ಕಾಲು ಆ ಸುದ್ದಿಯನ್ನು ಇನ್ನೂ ಒಪ್ಪಿಲ್ಲ. ಅದು ಬಾಗಿಲಿಗೆ ಹೋಗುತ್ತಲೇ ಇರುತ್ತದೆ.

ನಾನು ಬರೆಯಬೇಕಾಗಿರುವುದು ಆ ಬಳೆಯ ವಿಷಯ. ಅದನ್ನು ಏನು ಮಾಡಬೇಕು ಎಂದು ನಿನ್ನನ್ನು ಕೇಳಬೇಕು. ಅದಕ್ಕೆ ಮುಂಚೆ ಹನ್ನೊಂದನೇ ದಿನದ ಮಾತು ಆಡಲೇಬೇಕು. ಆಗ ನೀನು ಕಣ್ಣು ಮುಚ್ಚಿಕೊಂಡಿದ್ದೆ. ಯಾರು ಏನಂದರು ಎನ್ನುವುದು ನಿನಗೆ ಗೊತ್ತಿಲ್ಲ.

ನಿನ್ನನ್ನು ಹಿತ್ತಲಲ್ಲಿ ಒರಳುಕಲ್ಲಿನ ಪಕ್ಕ ಕೂರಿಸಿ ಗಾಜಿನ ಬಳೆ ಒಡೆದರು. ಅವು ಬಿಡು, ತಗುಲಿದರೆ ಸಾಕು ಉದುರುತ್ತವೆ. ಉಳಿದದ್ದು ನಿನ್ನ ಎಡಗೈಯ ಕಲ್ಲಿನ ಬಳೆ. ಅದು ಬಿಗಿ, ಕೈಯಿಂದ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಎಣ್ಣೆ ಹಚ್ಚಿ ಎಳೆದರು, ಬರಲಿಲ್ಲ. ನನ್ನ ಮೈದುನ ಕೆಂಪಯ್ಯ ಬಾಗಿಲಲ್ಲಿ ನಿಂತು, "ಒತ್ತಾಯ್ತು, ನೆಂಟ್ರು ಸೋಮನಳ್ಳಿಗೆ ವಾಪಸ್ ಓಗ್ಬೇಕು. ಇದ್ನೂ ಒಡ್ದಾಕಿ ಅತ್ಲಾಗೆ" ಎಂದ. ಅವನ ಹೆಂಡತಿ ಕುಸುಮ ಗುಂಡುಕಲ್ಲು ಹಿಡಿದುಕೊಂಡಿದ್ದಳು. ಅವಳು ಮೆಲ್ಲಗೆ ತಟ್ಟಿದಳು. ಬಳೆ ಗಂಟೆಯ ಹಾಗೆ ಟಣ್ ಎಂದಿತು. ಗಾಜಿನ ಬಳೆಗಿಂತ ಸ್ವಲ್ಪ ದಪ್ಪ, ಅಷ್ಟೇ ತಾನೆ ಎಂದು ಅಲ್ಲಿದ್ದವರೆಲ್ಲ ತಿಳಿದದ್ದು. "ಏನೇ, ಬೆಳ್ಳುಳ್ಳಿ ಜಜ್ತಿದ್ದೀಯಾ, ಜೋರಾಗಿ ಒಡಿ" ಎಂದು ಹಿಂದಿನಿಂದ ಯಾರೋ ಅಂದರು. ಕುಸುಮ ಕಲ್ಲನ್ನು ತಲೆಯವರೆಗೆ ಎತ್ತಿದಳು.

ಬಳೆ ಮತ್ತೆ ಟಣ್ ಎಂದಿತು. ಅದರ ಅಡಿಯಲ್ಲಿ ಇನ್ನೊಂದು ಸದ್ದಾಯಿತು. ನೀನು ಕೂಗಲೂ ಇಲ್ಲ.

ನಿನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು, ನಾನು ಹಿಂದಿನ ಬಸ್ಸಿಗೆ ಬರುವ ಮುಂಚೆ ಇಲ್ಲಿ ಆದದ್ದು ಇಷ್ಟು. ಎಲೆ ಹಾಕಿತ್ತು, ಕೂತವರು ಕೂತ ಹಾಗೆ ಎದ್ದರು. ಕುಸುಮ ಗುಂಡುಕಲ್ಲನ್ನು ತೊಳೆದಳು, ತೊಳೆದೇ ತೊಳೆದಳು. ಅದರಲ್ಲಿ ರಕ್ತ ಏನೂ ಇರಲಿಲ್ಲ.

ಆಮೇಲಿನದು ನಿನಗೆ ಗೊತ್ತಿರುವುದೇ. ಮಂಡ್ಯದ ಆಸ್ಪತ್ರೆಯಲ್ಲಿ ಮಣಿಕಟ್ಟಿನ ಮೂಳೆ ಮುರಿದಿದೆ, ಪ್ಲಾಸ್ಟರ್ ಪಟ್ಟು ಹಾಕಬೇಕಾದರೆ ಬಳೆ ಬರಬೇಕು ಎಂದರು. ಉಂಗುರ ಕತ್ತರಿಸುವ ಕತ್ತರಿ ತಂದರು, ಅದರ ಹಲ್ಲು ಸವೆಯಿತೇ ಹೊರತು ಬಳೆಯ ಮೇಲೆ ಗೆರೆ ಬೀಳಲಿಲ್ಲ. ಕೈಯನ್ನು ಮೇಲಕ್ಕೆ ಕಟ್ಟಿ, ಊತ ಇಳಿಯಲು ಬಿಟ್ಟು, ಆ ನರ್ಸಮ್ಮ ತೆಳ್ಳನೆಯ ಪ್ಲಾಸ್ಟಿಕ್ ಚೀಲವನ್ನು ಬಳೆಯ ಒಳಗೆ ತೂರಿಸಿ ಅದರ ಮೇಲೆ ಜಾರಿಸಿ ತೆಗೆದಳು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ನೀನು ಪಟ್ಟು ಹಾಕಿಸಿಕೊಂಡು ಬಂದು ಬಳೆಯನ್ನು ನನ್ನ ಮಡಿಲಿಗೆ ಹಾಕಿದೆ. "ತೆಗೀಬೇಕು ಅಂದ್ರಲ್ಲ ಎಲ್ರೂವೆ, ತಕಳಿ. ಅತ್ತೆ, ನೀವು ಒಂದು ಮಾತು ಆಡ್ನಿಲ್ಲ" ಎಂದೆ. ಪ್ರಸನ್ನನ ಕಾರು ಹತ್ತಿ ಅಲ್ಲಿಂದಲೇ ಮಳವಳ್ಳಿಗೆ ಹೋದೆ.

ಒಂದು ಮಾತು ಆಡಲಿಲ್ಲ. ಹೌದು. ನಾನು ಹಿತ್ತಲ ಗೋಡೆಗೆ ಒರಗಿ ಕೂತಿದ್ದೆ, ಎಲ್ಲ ನೋಡುತ್ತಿದ್ದೆ. ಯಾಕೆ ಬಾಯಿ ಬರಲಿಲ್ಲ ಎನ್ನುವುದನ್ನು ಈ ಸಾಲಿನಲ್ಲಿ ಬರೆಯಲು ಹೋದೆ, ಆಗುತ್ತಿಲ್ಲ. ಇರಲಿ. ಬಳೆಯ ವಿಷಯಕ್ಕೆ ಬರುತ್ತೇನೆ.

ಅದನ್ನು ಸೊಂಟದ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದೆ. ಬೀರುವಿನಲ್ಲಿ ಇಟ್ಟರೆ ನಿಮಿಷಕ್ಕೊಮ್ಮೆ ಬೀರು ತೆಗೆದು ನೋಡಬೇಕು ಅನ್ನಿಸುತ್ತಿತ್ತು. ದೀಪಿಕಳಿಗೆ ಗೊತ್ತಾಗಿ, "ಅಜ್ಜಿ, ಹೀಗೆ ಇಟ್ಕೊಂಡು ತಿರುಗೋ ಬದಲು ಮಂಡ್ಯದಲ್ಲಿ ಯಾರಿಗಾದ್ರೂ ತೋರಿಸೋಣ, ಬಿರುಕು ಬಿಟ್ಟಿದೆಯೋ ಏನೋ" ಎಂದಳು. ಕಾಲೇಜಿಗೆ ರಜೆ ಇದ್ದ ದಿನ ಇಬ್ಬರೂ ಹೋದೆವು. ಪೇಟೆ ಬೀದಿಯಲ್ಲಿ ಹರಳು ಕೂರಿಸುವ ಒಬ್ಬರು ವಯಸ್ಸಾದವರು ಇದ್ದಾರೆ. ಬಳೆಯನ್ನು ಕೈಗೆ ತೆಗೆದುಕೊಂಡ ಕೂಡಲೇ ಕೆನ್ನೆಗೆ ಒತ್ತಿಕೊಂಡರು. ನಾನು ದೀಪಿಕಳ ಮುಖ ನೋಡಿದೆ. "ತಣ್ಣಗಿದೆ ನೋಡಿ. ಗಾಜು ಇಷ್ಟು ಹೊತ್ತು ತಣ್ಣಗಿರಲ್ಲ" ಎಂದರು. ದಾರದಲ್ಲಿ ಕಟ್ಟಿ ತೂಗಿದರು, ಅದೇ ದಾರದಲ್ಲಿ ನೀರಿನ ಲೋಟದೊಳಗೆ ಇಳಿಬಿಟ್ಟು ಮತ್ತೆ ತೂಗಿದರು. ಜೇಡ್ ಎನ್ನುವ ಕಲ್ಲಂತೆ. ಬಣ್ಣ ಹಾಕಿದ್ದಲ್ಲ, ಅಸಲಿ.

ಅವರು ಹೇಳಿದ್ದನ್ನೆಲ್ಲ ನಿನಗೆ ಹೇಳಬೇಕು. ನೀನು ಇಷ್ಟು ವರ್ಷ ಕೈಯಲ್ಲಿ ಹೊತ್ತಿದ್ದು ಏನು ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈ ಕಲ್ಲು ವಜ್ರದ ಹಾಗೆ ಹೊಳೆಯುವುದಲ್ಲ, ಎಣ್ಣೆ ಸವರಿದ ಹಾಗೆ ಮಿನುಗುವುದು. ಚೀನಾ, ಬರ್ಮಾ ಕಡೆಯವರಿಗೆ ಚಿನ್ನಕ್ಕಿಂತ ಇದರ ಮೇಲೆ ಆಸೆಯಂತೆ. ಬಳೆ ಮಾಡುವಾಗ ಹಲಗೆಯಂತಹ ಕಲ್ಲಿನಿಂದ ಒಂದೇ ಸುತ್ತು ಕೊರೆದು ತೆಗೆಯುತ್ತಾರೆ, ಎಲ್ಲೂ ಬೆಸುಗೆ ಇಲ್ಲ. ನಡುವೆ ಉಳಿದ ಬಿಲ್ಲೆಯಿಂದ ಪದಕ, ಓಲೆ, ಉಂಗುರದ ಕಲ್ಲು ಮಾಡುತ್ತಾರೆ. "ಈ ಬಳೆಯ ಹೊಟ್ಟೇಲಿದ್ದ ಕಲ್ಲು ಎಲ್ಲೋ ಯಾರದೋ ಕೊರಳಲ್ಲಿ ಇರುತ್ತೆ ಅಜ್ಜಿ" ಎಂದರು. ಆ ಮಾತು ನನ್ನನ್ನು ಬಹಳ ಹೊತ್ತು ಹಿಡಿದುಕೊಂಡಿತು. ಆ ಕಡೆಯ ಹೆಂಗಸರು ಒಂದೇ ಕೈಗೆ ಒಂದೇ ಬಳೆ ಹಾಕುವುದಂತೆ. ನಾವು ಒಂಟಿ ಬಳೆ ಒಳ್ಳೆಯದಲ್ಲ ಎಂದು ಎಷ್ಟು ಮಾತಾಡಿದ್ದೆವು.

ದೀಪಿಕ ಕೇಳಿದಳು, "ಇದು ಒಡೆಯಲ್ವಾ ಸಾರ್?" ಅವರು ಭೂತಗನ್ನಡಿ ಕಣ್ಣಿಗೆ ಹಿಡಿದೇ ಹೇಳಿದರು. ಗಾಜಿಗೆ ಒಳಗೆ ನಾರಿಲ್ಲ, ಪೆಟ್ಟು ಬಿದ್ದರೆ ಹೋಯಿತು. ಈ ಕಲ್ಲಿನ ಒಳಗೆ ಎಳೆಗಳು ತೆಂಗಿನ ನಾರಿನ ಹಾಗೆ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ, ಸುಲಭಕ್ಕೆ ಬಿಡುವುದಿಲ್ಲ. ಕಬ್ಬಿಣ ಇಲ್ಲದ ಕಾಲದಲ್ಲಿ ಜನ ಇದರಲ್ಲಿ ಕೊಡಲಿ ಮಾಡಿಕೊಳ್ಳುತ್ತಿದ್ದರಂತೆ. ನಯನ, ಕೊಡಲಿ ಮಾಡುವ ಕಲ್ಲನ್ನು ನಾವು ನಿನ್ನ ಕೈಯ ಮೇಲೆ ಇಟ್ಟು ಒಡೆಯಲು ಹೋದೆವು.

ಆಮೇಲೆ ಅವರು ಬಳೆಯನ್ನು ಬೆಳಕಿಗೆ ಹಿಡಿದು ಒಂದು ಕಡೆ ಉಗುರಿಟ್ಟು ತೋರಿಸಿದರು. ಕೂದಲಿನಷ್ಟು ಬಿಳಿ ಗೆರೆ. "ಇದನ್ನ ಯಾರಾದ್ರೂ ಹೊಡೆದ್ರಾ?" ಎಂದರು. "ಬಿತ್ತು" ಎಂದೆ. "ಬಿದ್ದ ಗುರುತಲ್ಲ ಇದು" ಎಂದು ಬಳೆಯನ್ನು ಬಟ್ಟೆಯಿಂದ ಒರೆಸಿದರು. ದೀಪಿಕ ಗಾಜಿನ ಪೆಟ್ಟಿಗೆಯ ಒಳಗಿನ ಓಲೆಗಳನ್ನು ನೋಡುತ್ತಾ ನಿಂತಳು, ಅವಳ ಕಣ್ಣು ಅಲ್ಲಿರಲಿಲ್ಲ.

ಅವರು ಎರಡು ದಾರಿ ಹೇಳಿದ್ದಾರೆ. ಗೆರೆ ಇರುವ ಕಡೆ ಚಿನ್ನದ ಸಣ್ಣ ಪಟ್ಟಿ ಸುತ್ತಿ ಹಿಡಿಸಬಹುದು, ಬಳೆ ಬಳೆಯಾಗಿಯೇ ಉಳಿಯುತ್ತದೆ. ಇಲ್ಲವೇ ಅಲ್ಲೇ ಕೊಯ್ದು ದೀಪಿಕಳಿಗೆ ಜೋತಾಡುವ ಓಲೆ, ಒಂದು ಪದಕ ಮಾಡಬಹುದು. ನನಗೆ ಒಂದು ಗಳಿಗೆ ಅದೇ ಸರಿ ಅನ್ನಿಸಿತು, ಅಪ್ಪ ತಂದ ಕಲ್ಲು ಮಗಳ ಕಿವಿಯಲ್ಲಿ. ಅವಳನ್ನು ಕೇಳಿದೆ. "ಅದು ಅಮ್ಮಂದು ಅಜ್ಜಿ. ನನ್ನ ಕೇಳಬೇಡ" ಎಂದಳು. ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿದವಳು ಮದ್ದೂರು ಬರುವವರೆಗೂ ತಿರುಗಲಿಲ್ಲ.

ಈಗ ಇನ್ನೊಂದು ಕಡೆಯ ಮಾತು. ಕೆಂಪಯ್ಯನ ಮಗ ಯತೀಶನಿಗೆ ಹೆಣ್ಣು ಗೊತ್ತಾಗಿದೆ. ಶ್ರಾವಣದಲ್ಲಿ ಮದುವೆ. ಹೇಳಲು ಬಂದವನು ಕಾಫಿ ಲೋಟ ಕೆಳಗಿಡುವ ಮುಂಚೆಯೇ, "ಅತ್ಗೆ, ಆ ಬಳೆ ಇನ್ನೂ ಮನೇಲೇ ಮಡೀಕಂಡಿದ್ದೀಯಂತೆ" ಎಂದ.

"ಹೂಂ, ಅದೆ."

"ಅದು ಇರಾಗಂಟ ಕಾರ್ಯ ಮುಗ್ದಂಗಲ್ಲ. ಒಳೆಗೆ ಬುಟ್ಬುಡು. ನಮ್ಮನೇಲೂ ಸರಿಯಿಲ್ಲ. ಇವ್ಳಿಗೆ ಕೈ ನಡುಗ್ತದೆ, ಸಾರಿನ ಸೌಟು ಇಡ್ಯಕ್ಕಾಗಲ್ಲ."

ನನಗೆ ಸಿಟ್ಟು ಬಂದಿತ್ತು. "ಕೈ ಮುರ್ದಿದ್ದು ನಯನಂದು, ನಡುಗೋದು ಕುಸುಮಂದಾ?" ಎಂದೆ. ಅವನು ಅರ್ಧ ಕಾಫಿ ಬಿಟ್ಟು ಎದ್ದ. ಕೆಂಪಯ್ಯ ಕೆಟ್ಟವನಲ್ಲ, ಹೆದರಿಕೊಂಡವನು. ಮಾರನೆಯ ದಿನ ಕುಸುಮಳೇ ಬಂದಳು. ಬಂದವಳು ನಡುಮನೆಗೆ ಬರಲಿಲ್ಲ, ಮೆಟ್ಟಿಲ ಮೇಲೇ ಕೂತಳು. "ಅಕ್ಕ, ನಯನ ಏನಾರ ಅಂದ್ಳಾ?" ಎಂದಳು. ಏನೂ ಅನ್ನಲಿಲ್ಲ ಎಂದೆ. "ಬಯ್ದಿದ್ರೆ ವಾಸಿಯಾಗಿತ್ತು ಕಣಕ್ಕ" ಎಂದಳು. ಅವಳ ಬಲಗೈ ಮಡಿಲಲ್ಲಿ ಹಿಡಿದ ಹಕ್ಕಿಯ ಹಾಗೆ ಅಲುಗುತ್ತಿತ್ತು. ನಿಜವಾಗಿಯೂ ನಡುಗುತ್ತದೆ, ನಾನು ನೋಡಿದೆ. ಅವಳಿಗೆ ಒಂದು ಲೋಟ ನೀರು ಕೊಟ್ಟೆ, ಎರಡೂ ಕೈಯಲ್ಲಿ ಹಿಡಿದು ಕುಡಿದಳು.

ಅವಳ ಮುಖ ನೋಡಿ, ಆಯಿತು, ಬಳೆಯನ್ನು ಹೊಳೆಗೆ ಬಿಡುತ್ತೇನೆ ಎಂದೆ. ಹೇಳಿಬಿಟ್ಟೆ. ಹೇಳಿದ ಮೇಲೆ ಎರಡು ದಿನ ಅನ್ನ ಸೇರಲಿಲ್ಲ. ಕೆಂಪಯ್ಯ ತನ್ನ ಮೊಪೆಡ್ ತೆಗೆದುಕೊಂಡು ಬಂದ. ನಾನು ಅರಿಸಿನದ ಬಟ್ಟೆಯಲ್ಲಿ ಗಂಟು ಕಟ್ಟಿ ಹಿಡಿದುಕೊಂಡು ಹಿಂದೆ ಕೂತೆ. ಶಿಂಷಾ ಸೇತುವೆಯ ಮೇಲೆ ನಿಲ್ಲಿಸಿದ. ಹೊಳೆಯಲ್ಲಿ ಈ ಸಲ ನೀರಿದೆ.

"ಬುಡು ಅತ್ಗೆ."

"ನೀನು ಆ ಕಡೆ ತಿರುಗ್ಲಾ."

ಅವನು ತಿರುಗಿ ಕೈ ಮುಗಿದುಕೊಂಡು ನಿಂತ. ನಾನು ಗಂಟನ್ನು ಬಿಟ್ಟೆ. ಬುಳಕ್ ಎಂದಿತು.

"ಮುಳುಗ್ತಾ?"

"ಕಲ್ಲು ಮುಳುಗ್ದೆ ತೇಲ್ತದಾ?"

ಅವನಿಗೆ ಎಷ್ಟು ಹಗುರವಾಯಿತೆಂದರೆ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ ನನಗೆ ವಡೆ ಕೊಡಿಸಿದ. ತಾನೂ ತಿಂದು, ಕುಸುಮಳಿಗೆ ಕಟ್ಟಿಸಿಕೊಂಡ. ನನ್ನ ಪಾಲಿನದನ್ನು ನಾನು ದೀಪಿಕಳಿಗೆ ತಂದೆ.

ಗಾಬರಿಯಾಗಬೇಡ. ಆ ಗಂಟಿನಲ್ಲಿ ಇದ್ದದ್ದು ನಮ್ಮ ಗ್ಯಾಸ್ ಒಲೆಯ ಸಣ್ಣ ಬರ್ನರಿನ ಬಿಲ್ಲೆ. ದುಂಡಗೆ ಭಾರವಾಗಿ ಇನ್ನೇನೂ ಕೈಗೆ ಸಿಗಲಿಲ್ಲ. ದೀಪಿಕ ಎರಡು ದಿನದಿಂದ ಅದನ್ನು ಹುಡುಕುತ್ತಿದ್ದಾಳೆ. "ಇಲಿ ಎತ್ಕೊಂಡೋಗಿರ್ಬೇಕು" ಎಂದೆ. "ಹಿತ್ತಾಳೆ ತಿನ್ನೋ ಇಲಿ ನಮ್ಮನೇಲಿ ಮಾತ್ರ ಇರೋದು" ಎಂದಳು. ಈಗ ಒಂದೇ ಒಲೆಯಲ್ಲಿ ಅನ್ನ, ಸಾರು, ಕಾಫಿ ಎಲ್ಲ ಸರದಿ ಮೇಲೆ ನಡೆಯುತ್ತಿದೆ.

ಕುಸುಮಳ ಕೈ ಈಗ ಸ್ವಲ್ಪ ವಾಸಿಯಂತೆ. ಅದನ್ನು ಕೇಳಿದಾಗಿನಿಂದ ನನಗೆ ಬೇರೆ ತಳಮಳ. ನಿಜ ಹೇಳಿದರೆ ಅವಳ ಕೈ ಮತ್ತೆ ನಡುಗುತ್ತದೆಯೇ, ಹೇಳದಿದ್ದರೆ ನಾನು ಎಷ್ಟು ದಿನ ಹೀಗೆ ಇರಬೇಕು. ಒಂದು ಮಾತ್ರ ಗಟ್ಟಿ, ನಿನ್ನನ್ನು ಕೇಳದೆ ಅದು ನೀರಿಗೂ ಹೋಗುವುದಿಲ್ಲ, ಕೊಯ್ಯುವವರ ಚಕ್ರಕ್ಕೂ ಹೋಗುವುದಿಲ್ಲ. ಆವತ್ತು ಒಂದು ಮಾತು ಆಡಲಿಲ್ಲ. ಸೇತುವೆಯ ಮೇಲೆ ಒಂದು ಸುಳ್ಳಾದರೂ ಆಡಿದ್ದೇನೆ.

ಬಳೆಗಾರ್ತಿ ಪಟ್ಟಲಮ್ಮ ಮೊನ್ನೆ ಬಂದಿದ್ದಳು. ನಿನ್ನ ಕಲ್ಲಿನ ಬಳೆ ಪಕ್ಕದ ಗಾಜಿನ ಬಳೆಗಳನ್ನೆಲ್ಲ ತಾಗಿಸಿ ತಾಗಿಸಿ ಒಡೆಯುತ್ತಿತ್ತಲ್ಲ, "ಈ ಕಲ್ಲಿಂದ್ಲೇ ನನ್ ಅಂಗ್ಡಿ ನಡೀತದೆ" ಎಂದು ನಿನ್ನನ್ನು ರೇಗಿಸುತ್ತಿದ್ದಳಲ್ಲ. ಈ ಸಲ ಬುಟ್ಟಿ ಇಳಿಸಲಿಲ್ಲ, ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡಳು. "ಓಂಬಾಳವ್ವ, ಅವ್ಳು ಬರ್ಲಿ. ತೊಟ್ಕೋತೀನಿ ಅಂದ್ರೆ ನಾನೇ ತೊಡುಸ್ತೀನಿ. ಅದ್ಯಾವನ್ ಬತ್ತಾನೋ ಕೇಳಕ್ಕೆ, ಬರ್ಲಿ" ಎಂದಳು. ನೀನು ತೊಡು ಎಂದೂ ನಾನು ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಹೇಳಿದವರೆಲ್ಲರ ಮಾತು ಸಾಕಾಗಿದೆ. ನಿನ್ನ ಕೈ ನಿನ್ನದು.

ಪಟ್ಟು ಬಿಚ್ಚಿದ ಮೇಲೆ ಬೆರಳು ಮಡಚಿ ಬಿಡಿಸಲು ಹೇಳಿದ್ದಾರಂತೆ, ನೋವೆಂದು ಬಿಡಬೇಡ. ಬಿಸಿನೀರಿನಲ್ಲಿ ಇಟ್ಟುಕೊಂಡು ಮಾಡು. ರಾತ್ರಿ ಎಡಮಗ್ಗುಲಿಗೆ ಮಲಗಬೇಡ. ಅಂಕಯ್ಯನವರಿಗೆ ನಮಸ್ಕಾರ ಹೇಳು. ಪ್ರಸನ್ನ, ಶೋಭಿತಾ, ಗಗನ ಎಲ್ಲರಿಗೂ ಆಶೀರ್ವಾದ. ದೀಪಿಕಳ ಕೈಯಲ್ಲಿ ಹುರಿಗಾಳಿನ ಪುಡಿ ಕಳಿಸಿದ್ದೇನೆ, ಎಲ್ಲರಿಗೂ ಹಂಚುತ್ತಾ ಕೂತು ನಿನಗೆ ಇಲ್ಲದ ಹಾಗೆ ಮಾಡಿಕೊಳ್ಳಬೇಡ. ದೇವರು ನಿನಗೆ ನೂರು ವರ್ಷ ಆಯಸ್ಸು ಕೊಡಲಿ, ಆ ನೂರರಲ್ಲಿ ಕೆಲವನ್ನಾದರೂ ಈ ಮನೆಯಲ್ಲಿ ಕಳೆಯುವ ಮನಸ್ಸು ಕೊಡಲಿ.

ಇಂತಿ ನಿನ್ನ ಅತ್ತೆ
ಹೊಂಬಾಳಮ್ಮ

ವಿ.ಸೂ.: ಕವರಿಗೆ ಅನ್ನದ ಅಗುಳು ಹಚ್ಚಿ ಅಂಟಿಸಿದ್ದೆ. ಒಣಗುವ ಮುಂಚೆ ಬಿಚ್ಚಿದೆ. ಬಳೆ ಎಲ್ಲಿದೆ ಎಂದು ಬರೆದೇ ಇಲ್ಲ.

ನನ್ನ ಕೈಯಲ್ಲಿದೆ. ಸೇತುವೆಗೆ ಹೊರಟ ದಿನ ಕೆಂಪಯ್ಯ ಹೊರಗೆ ಹಾರನ್ ಹೊಡೆಯುತ್ತಿದ್ದ, ಬಚ್ಚಿಡಲು ಜಾಗ ತೋಚದೆ ಎಡಗೈಗೆ ತೂರಿಸಿ ಮೇಲೆ ಸೆರಗು ಹೊದ್ದೆ. ಅವನು ಕೈ ಮುಗಿದು ನಿಂತಿದ್ದಾಗ ಅದು ಅವನ ಬೆನ್ನ ಹಿಂದೆಯೇ ಇತ್ತು. ಆಮೇಲೆ ತೆಗೆದಿಲ್ಲ. ಮನೆಯೊಳಗೂ ಸೆರಗು ಹೊದ್ದೇ ಇರುತ್ತೇನೆ, ದೀಪಿಕ "ಚಳಿಯಾ ಅಜ್ಜಿ?" ಎಂದು ಕೇಳುತ್ತಾಳೆ. ಹಾಕಿಕೊಳ್ಳಲು ಸೋಪು ಬೇಕಾಗಲಿಲ್ಲ, ನಯನ. ಬೆರಳ ಗೆಣ್ಣಿನ ಹತ್ತಿರ ಒಂದು ಸ್ವಲ್ಪ ತಡೆದು ತಾನಾಗಿ ಒಳಗೆ ಹೋಯಿತು. ಹೋಗಲೇಬೇಕು. ಅದು ನನ್ನ ಅಳತೆಗೆ ತಂದದ್ದು.

ನಿನ್ನ ಮಾವ ತೀರಿಕೊಂಡು ನನ್ನ ಕೈ ಬರಿದಾದ ವರ್ಷವೇ ಶಿವರಾಜು ಸ್ಲೇಟು ಹಿಡಿದದ್ದು. ನನಗೆ ಅಕ್ಷರ ತಿದ್ದಿಸುವಾಗ, "ಅವ್ವ, ನಿನ್ ಬಳೆ ಎಲ್ಲಿ?" ಎಂದು ಕೇಳುತ್ತಿದ್ದ. ಮರೆತಿದ್ದಾನೆ ಎಂದುಕೊಂಡಿದ್ದೆ. ದೀಪಿಕ ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ನಾನು ಮಲಗಿದ್ದೆ, ಅವನು ಬಂದು ನನ್ನ ಬೆರಳುಗಳನ್ನು ಒತ್ತಾಗಿ ಕೂಡಿಸಿ ತೆಂಗಿನ ಹುರಿ ಸುತ್ತಿ ಅಳೆದ. ನಿದ್ದೆ ಬಂದವಳ ಹಾಗೆ ಸುಮ್ಮನಿದ್ದೆ. ಆ ಸಲ ದಿಲ್ಲಿಯಿಂದ ಬಂದಾಗ ನೀನು ನಲ್ಲಿಗೆ ಹೋಗಿದ್ದೆ. ಅಡುಗೆಮನೆಗೆ ಬಂದು ಕಾಗದ ಬಿಚ್ಚಿದ. ಟಿಬೆಟಿನವರ ಬೀದಿಯಲ್ಲಿ ಒಬ್ಬ ಮುದುಕಿಯ ಹತ್ತಿರ ತೆಗೆದುಕೊಂಡನಂತೆ. "ನಮ್ ಎಳ್ನೀರ್ ಬಣ್ಣ ನೋಡವ್ವ. ಕಲ್ಲು ಇದು, ಗಾಜಲ್ಲ. ಕಲ್ಲಿಗೆ ಯಾವ್ ಸಾಸ್ತ್ರ? ಆಕ್ಕೊ" ಎಂದ. ಜನ ಏನಂದಾರು ಎಂದೆ. ಗಂಡ ಇರುವವಳು ಹಾಕಿಕೊಳ್ಳಲಿ, ನಿನ್ನ ಹೆಂಡತಿಗೆ ಕೊಡು ಎಂದೆ. ಅವನು ಅದನ್ನು ಹಿಡಿದುಕೊಂಡೇ ನಿಂತಿದ್ದ. ಅಷ್ಟರಲ್ಲಿ ನೀನು ಬಿಂದಿಗೆ ಇಳಿಸಿ ಒಳಗೆ ಬಂದೆ. "ನಿಂಗೆ ಕಣೇ" ಎಂದ. ನಿನ್ನ ಕೈ ನನ್ನದಕ್ಕಿಂತ ದೊಡ್ಡದು. ಸೋಪು ಹಚ್ಚಿ ತಳ್ಳಿದಾಗ ನೀನು ನೋವಿಗೆ ಕಣ್ಣಲ್ಲಿ ನೀರು ತಂದುಕೊಂಡು ನಗುತ್ತಿದ್ದೆ.

ಅವತ್ತಿನಿಂದ ನೀನು ಬಂದವರಿಗೆಲ್ಲ ಹೇಳುತ್ತಿದ್ದೆ, ನನ್ನ ಗಂಡನಿಗೆ ನನ್ನ ಕೈ ಅಳತೆಯೇ ಗೊತ್ತಿಲ್ಲ ಎಂದು. ಅವನು ನನ್ನ ಕಡೆ ನೋಡಿ ನಗುತ್ತಿದ್ದ, ಬಾಯಿ ಬಿಡುತ್ತಿರಲಿಲ್ಲ. ನಿನ್ನ ಚಪ್ಪಲಿಯಲ್ಲಿ, ರವಿಕೆ ಬಟ್ಟೆಯಲ್ಲಿ ಅವನು ಎಂದಾದರೂ ಅಳತೆ ತಪ್ಪಿದ್ದಾನೆಯೇ, ನೆನಪು ಮಾಡಿಕೊ. ನಿನ್ನ ಅಳತೆ ಅವನಿಗೆ ಗೊತ್ತಿತ್ತು. ಇದನ್ನು ಓದಿ ನಿನಗೆ ನೋವಾಗುತ್ತದೆ, ಆದರೆ ಆ ಮಾತು ಅವನ ಮೇಲೆ ಹಾಗೆಯೇ ಉಳಿಯಬಾರದು.

ಕುಸುಮ ಕಲ್ಲೆತ್ತಿದಾಗ ನನ್ನ ಕಣ್ಣಿಗೆ ಅಡುಗೆಮನೆಯಲ್ಲಿ ಬಳೆ ಹಿಡಿದು ನಿಂತವನೇ ಕಾಣುತ್ತಿದ್ದ. ಅವತ್ತೇ ನಾನು ಕೈ ನೀಡಿದ್ದರೆ ಬಳೆ ಈ ಕೈಯಲ್ಲಿ ಇರುತ್ತಿತ್ತು. ಆಗಲೇ ಒಡೆದು ಮುಗಿದ ಕೈ ಇದು, ಇದರ ಮೇಲೆ ಯಾರೂ ಕಲ್ಲು ಎತ್ತುತ್ತಿರಲಿಲ್ಲ. ಅದನ್ನೇ ಎಣಿಸುತ್ತಾ ಕೂತೆ, ಬೇಡ ಎನ್ನುವ ಮಾತಿಗೆ ದಾರಿ ಸಿಗಲಿಲ್ಲ.

ಹಾಕಿಕೊಂಡಾಗ ತಣ್ಣಗಿತ್ತು. ಈಗ ನನ್ನ ಮೈಯಷ್ಟೇ ಬೆಚ್ಚಗಿದೆ. ಬರೆಯುವಾಗ ಎಡಗೈಯಲ್ಲಿ ಹಾಳೆ ಒತ್ತಿ ಹಿಡಿದಿದ್ದೇನೆ, ಅದು ಹಾಳೆಗೆ ತಾಗಿ ಸಣ್ಣಗೆ ಸದ್ದು ಮಾಡುತ್ತಿದೆ. ತೆಗೆದು ಕೊಡು ಎಂದರೆ ಅದೇ ಕ್ಷಣ ತೆಗೆಯುತ್ತೇನೆ. ಇರಲಿ ಎಂದರೆ ಸೆರಗು ತೆಗೆಯುತ್ತೇನೆ. ಎರಡರಲ್ಲಿ ಒಂದು ಹೇಳು. ಪೆಟ್ಟಾದದ್ದು ನಿನ್ನ ಎಡಗೈಗೆ, ಬಲಗೈ ಚೆನ್ನಾಗಿದೆಯಲ್ಲ, ಅದರಲ್ಲಿ ಒಂದು ಸಾಲು ಬರೆದು ದೀಪಿಕಳ ಕೈಯಲ್ಲೇ ಕಳಿಸು. ಭಾನುವಾರ ಸಂಜೆ ಅವಳ ಬಸ್ಸು ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತೇನೆ.